697 ಎಂಜಿನ್, ಮೂರನೇ ಸಿಲಿಂಡರಿನಲ್ಲಿ ಗೀರು: ಎಮರಿ ಸಾಕೇ, ಲೈನರ್ ಬದಲಿಸಬೇಕೇ?

ತಿಪಟೂರು ಲೋಡು:
ಎಲ್ಲರಿಗೂ ನಮಸ್ಕಾರ. ತಂದೆಯವರ ಲಾರಿ ಟಾಟಾ 1613, 1998ರ ಮಾಡೆಲ್. ತಿಪಟೂರಿನಿಂದ ಕಾಯಿ, ಕೊಬ್ಬರಿ ಹೊಡೆಯುತ್ತೇವೆ, ಬರುವಾಗ ಸಿಕ್ಕಿದ್ದನ್ನು ತುಂಬಿಕೊಂಡು ಬರುತ್ತೇವೆ. ಆರು ತಿಂಗಳಿನಿಂದ ಆಯಿಲ್ ಕುಡಿಯುತ್ತಿದೆ. ನೀಲಿ ಹೊಗೆ. ಎಂಜಿನ್ನಿನ ಒಳಗಿನ ಹೊಗೆ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಯಾರೋ ಕುಳಿತು ಬೀಡಿ ಸೇದುತ್ತಿರುವಂತೆ ಕಾಣುತ್ತದೆ.

ಮೊನ್ನೆ ಹೆಡ್ ಬಿಚ್ಚಿಸಿದೆವು. ಮೂರನೇ ಸಿಲಿಂಡರಿನ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಎರಡು ಗೀರುಗಳಿವೆ. ಉಗುರು ಹಾಯಿಸಿದರೆ ಸಿಕ್ಕಿಕೊಳ್ಳುತ್ತದೆ. ಉಳಿದ ಐದು ಕಣ್ಣಿಗೆ ಚೆನ್ನಾಗಿಯೇ ಇವೆ.

ಈಗ ಮೂವರು ಮೂರು ಮಾತು ಹೇಳುತ್ತಿದ್ದಾರೆ. ನಮ್ಮ ಮೇಸ್ತ್ರಿ, ಎಮರಿ ಕಾಗದದಲ್ಲಿ ಉಜ್ಜಿ ಪಿಸ್ಟನ್ನಿಗೆ ಹೊಸ ರಿಂಗ್ ಹಾಕೋಣ ಎನ್ನುತ್ತಾರೆ. ಲೇತ್ ಅಂಗಡಿಯವರು ಆರಕ್ಕೂ ಲೈನರ್ (ಸಿಲಿಂಡರಿನ ಒಳಗೆ ಕೂರುವ ಕೊಳವೆ) ಕಿಟ್ ಹಾಕಬೇಕು ಎನ್ನುತ್ತಾರೆ. ಚಿಕ್ಕಪ್ಪ ಗುಜರಿಯಲ್ಲಿ ಒಂದು ಬ್ಲಾಕ್ ನೋಡಿಟ್ಟು ಬಂದಿದ್ದಾರೆ. ತಂದೆಯವರು ಯಾರ ಮಾತಿಗೂ ಉತ್ತರ ಕೊಡದೆ ಲಾರಿಯ ಸುತ್ತ ಓಡಾಡುತ್ತಿದ್ದಾರೆ. ಏನು ಮಾಡಲಿ?

ದುರ್ಗದ ಸ್ಟೇರಿಂಗ್:
ಎಮರಿ ಎಂದವರ ಕೈಗೆ ಲಾರಿ ಕೊಡಬೇಡಿ.

ಮಸ್ಕತ್ ಫಿಟ್ಟರ್:
ಮೊದಲು ಎಂಜಿನ್ ಯಾವುದು ಎಂದು ಖಚಿತಪಡಿಸಿ. 1613ರಲ್ಲಿ ಟಾಟಾದ 697 ಇರುವುದೂ ಉಂಟು, ಕಮಿನ್ಸ್ 6ಬಿಟಿ ಇರುವುದೂ ಉಂಟು. ಎರಡರ ಹೊಟ್ಟೆಯೂ ಬೇರೆ. 697ರಲ್ಲಿ ಡ್ರೈ ಲೈನರ್ ಇರುತ್ತದೆ, ಕೆಟ್ಟರೆ ಎಳೆದು ಬೇರೆ ಹಾಕಬಹುದು. 6ಬಿಟಿಯಲ್ಲಿ ಲೈನರೇ ಇಲ್ಲ, ಪಿಸ್ಟನ್ ನೇರವಾಗಿ ಬ್ಲಾಕಿನ ಕಬ್ಬಿಣದ ಮೇಲೆ ಓಡುತ್ತದೆ. ಅದರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 102 ಮಿ.ಮೀ. ಗೀರು ಬಿದ್ದರೆ ಕೊರೆಸಿ ಅರ್ಧ ಮಿ.ಮೀ. ಅಥವಾ ಒಂದು ಮಿ.ಮೀ. ದೊಡ್ಡ ಪಿಸ್ಟನ್ ಹಾಕಬೇಕು. ಅದನ್ನೂ ಮೀರಿ ಹಾಳಾಗಿದ್ದರೆ ಬೋರ್ ಅಗಲಿಸಿ ಸ್ಲೀವ್ ಕೂರಿಸಬೇಕು. ನಾನು ಇಲ್ಲಿ ವಾರಕ್ಕೊಂದಾದರೂ 6ಬಿಟಿ ನೋಡುತ್ತೇನೆ.

ತಿಪಟೂರು ಲೋಡು:
697 ಅಣ್ಣ. ಶೀರ್ಷಿಕೆಯಲ್ಲೇ ಹಾಕಿದ್ದೇನೆ.

ಮಸ್ಕತ್ ಫಿಟ್ಟರ್:
ಶೀರ್ಷಿಕೆಯಲ್ಲಿ 697 ಎಂದು ಹಾಕಿ ಒಳಗೆ ಕಮಿನ್ಸ್ ಇಟ್ಟುಕೊಂಡವರನ್ನು ಇದೇ ವೇದಿಕೆಯಲ್ಲಿ ನೋಡಿದ್ದೇನೆ. ಅದಕ್ಕೇ ಕೇಳಿದೆ.

ಹಳೇ ಬಾನೆಟ್:
697 ಎಂಬ ಹೆಸರಿನಲ್ಲೇ ಅದರ ಜಾತಕ ಇದೆ. 6 ಸಿಲಿಂಡರ್, 97 ಮಿ.ಮೀ. ಬೋರ್. ಅದಕ್ಕೂ ಮುಂಚಿನ 692ರದು 92 ಮಿ.ಮೀ. 407ರಲ್ಲಿ ಬಂದ 497 ಎಂದರೆ ನಾಲ್ಕು ಸಿಲಿಂಡರ್, ಬೋರ್ ಅದೇ 97. ಟಾಟಾ ಮತ್ತು ಮರ್ಸಿಡಿಸ್-ಬೆಂಜ್ ಒಪ್ಪಂದ 1954ರಲ್ಲಿ ಶುರುವಾಗಿ 1969ಕ್ಕೆ ಮುಗಿಯಿತು. ಆದರೆ 697ರ ಬೋರ್ 97, ಸ್ಟ್ರೋಕ್ 128, ಒಟ್ಟು 5675 ಸಿಸಿ. ಬೆಂಜ್‌ನ ಓಎಂ 352ರದೂ ಅದೇ ಅಳತೆ. ಒಪ್ಪಂದ ಮುಗಿದರೂ ನೆಂಟಸ್ತಿಕೆ ಮುಗಿಯಲಿಲ್ಲ. ಲಾರಿಯ ಹೆಸರೂ ಹಾಗೆಯೇ: 1613 ಎಂದರೆ 16 ಟನ್, 130 ಕುದುರೆ.

ದುರ್ಗದ ಸ್ಟೇರಿಂಗ್:
ಯಜಮಾನರೇ, ಅವರು ಕೇಳಿದ್ದು ಗೀರಿನ ಬಗ್ಗೆ. ವಂಶವೃಕ್ಷ ಆಮೇಲೆ.

ಲೇತ್ ಮನೆಯ ಮಗಳು:
ನಮ್ಮದು ದಾವಣಗೆರೆಯಲ್ಲಿ ಬೋರಿಂಗ್ ಅಂಗಡಿ. ಅಪ್ಪ ಈಗ ಕೌಂಟರಿನಲ್ಲಿ ಕೂರುತ್ತಾರೆ, ಮಷೀನಿನ ಹತ್ತಿರ ನಾನಿರುತ್ತೇನೆ.

ಉಗುರು ಸಿಕ್ಕಿಕೊಳ್ಳುವ ಗೀರಿಗೆ ಎಮರಿಯಿಂದ ಏನೂ ಆಗುವುದಿಲ್ಲ. ಗೀರು ಹೋಗುವ ತನಕ ಉಜ್ಜಿದರೆ ಆ ಜಾಗದಲ್ಲಿ ಗೋಡೆ ತಗ್ಗಾಗುತ್ತದೆ. ರಿಂಗ್ ದುಂಡಗಿದೆ, ಗೋಡೆ ದುಂಡಗಿಲ್ಲ. ಹೊಗೆ ಇನ್ನೂ ಸಲೀಸಾಗಿ ಇಳಿಯುತ್ತದೆ. ಎಮರಿಯ ಪುಡಿ ಗೋಡೆಯಲ್ಲಿ ಕೂತು ಹೊಸ ರಿಂಗನ್ನೂ ತಿನ್ನುತ್ತದೆ.

ಆರನ್ನೂ ಬದಲಿಸಬೇಕೇ ಎಂಬುದನ್ನು ಕಣ್ಣಿನಿಂದ ಹೇಳಲು ಬರುವುದಿಲ್ಲ. ಡಯಲ್ ಬೋರ್ ಗೇಜ್ ಇಳಿಸಿ ಪ್ರತಿ ಸಿಲಿಂಡರಿಗೂ ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಪ್ರತಿ ಎತ್ತರದಲ್ಲೂ ಹಿಂದೆ-ಮುಂದೆ ಒಮ್ಮೆ, ಎಡ-ಬಲ ಒಮ್ಮೆ. ಮೇಲಿನ ರಿಂಗ್ ತಿರುಗಿ ಬರುವ ಜಾಗದಲ್ಲೇ ಸವೆತ ಹೆಚ್ಚು. ಅಲ್ಲಿ ಬೆರಳಿಗೆ ಒಂದು ಮೆಟ್ಟಿಲು ಸಿಗುತ್ತದೆ, ನೋಡಿ. ಹದಿನೆಂಟು ಅಂಕಿ ಬರದೆ ಮಾತಾಡುವ ಲೇತಿನವರು ನಿಮ್ಮ ಎಂಜಿನ್ ನೋಡಿಲ್ಲ, ಜೇಬು ನೋಡಿದ್ದಾರೆ ಎಂದುಕೊಳ್ಳಿ.

ಹದಿನೆಂಟಲ್ಲ, ಒಂದು ಸಿಲಿಂಡರಿಗೆ ಆರರಂತೆ ಮೂವತ್ತಾರು. ಅಪ್ಪ ಹಿಂದಿನಿಂದ ಓದಿ ತಿದ್ದಿದರು.

ಕೆಂಪುಮಣ್ಣು:
ದೂಳು ನೋಡಿ ಮೊದಲು. ಹೊಸಪೇಟೆಯಿಂದ ಮಂಗಳೂರು ಬಂದರಿಗೆ ಅದಿರು ಹೊಡೆದವನು ನಾನು. ಒಂದು ಮಳೆಗಾಲ ಬಿಟ್ಟು ಮತ್ತೊಂದು ಬರುವಷ್ಟರಲ್ಲಿ ನನ್ನ ಲಾರಿಯ ಲೈನರ್ ಸವೆದು ಹೋಗಿತ್ತು. ಮೇಸ್ತ್ರಿ ಆಯಿಲ್ ಕಂಪನಿಯನ್ನು ಬೈದ, ನಾನು ಓವರ್‌ಲೋಡ್ ಹಾಕಿಸಿದ ಮಾಲೀಕನನ್ನು ಬೈದೆ. ಕೊನೆಗೆ ನೋಡಿದರೆ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನ ಕ್ಲಿಪ್ಪು ಸಡಿಲ. ಹೋಸಿನ ಒಳಗೆ ಬೆರಳು ಹಾಕಿ ತೆಗೆದರೆ ಕುಂಕುಮ ಹಚ್ಚಿದ ಹಾಗೆ ಕೆಂಪು. ಫಿಲ್ಟರ್ ಮಾತ್ರ ಹೊಸದು, ಲಕಲಕ ಹೊಳೆಯುತ್ತಿತ್ತು. ಗಾಳಿ ಅದರ ಪಕ್ಕದಿಂದ ನುಗ್ಗುತ್ತಿತ್ತು.

ಶಿರಾಡಿ ಏರುವಾಗ ಎರಡನೇ ಗೇರಿನಲ್ಲಿ ಪೂರಾ ಆಕ್ಸಿಲರೇಟರ್ ಒತ್ತಿದರೆ ಎಷ್ಟು ಗಾಳಿ ಎಳೆಯುತ್ತದೆ ಯೋಚಿಸಿ. ಅಷ್ಟೂ ಮಣ್ಣು.

ಸಕಲೇಶಪುರ ಕಾಫಿ:
ಆ ಕಾಲದ ಶಿರಾಡಿಯ ಗುಂಡಿಗಳನ್ನು ನೆನಪಿಸಬೇಡಿ. ಗುಂಡ್ಯದಲ್ಲಿ ಸಾಲುಗಟ್ಟಿ ನಿಂತ ನಿಮ್ಮ ಅದಿರು ಲಾರಿಗಳ ಹಿಂದೆ ನನ್ನ ಮದುವೆಯ ದಿಬ್ಬಣವೇ ಸಿಕ್ಕಿಕೊಂಡಿತ್ತು.

ಕೆಂಪುಮಣ್ಣು:
ಕ್ಷಮಿಸಿ. ಆ ಸಾಲಿನಲ್ಲಿ ನಾನೂ ಇದ್ದಿರಬಹುದು. ಮುಹೂರ್ತ ತಪ್ಪಲಿಲ್ಲ ತಾನೇ?

ಸಕಲೇಶಪುರ ಕಾಫಿ:
ತಪ್ಪಿದ್ದರೆ ಚೆನ್ನಾಗಿತ್ತು.

ಬೋರ್‌ವೆಲ್ ನೀರು:
ನನ್ನ ಟ್ರ್ಯಾಕ್ಟರಿಗೆ ಹೀಗೇ ಆಗಿತ್ತು. ಲೈನರಿನ ಹೊರಗೋಡೆಯಲ್ಲಿ ಗೆದ್ದಲು ತಿಂದಂತೆ ತೂತುಗಳು. ನೀರು ಒಳಗೆ ಬಂದು ಆಯಿಲ್ ಮಜ್ಜಿಗೆಯಾಯಿತು. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಿದ್ದೇ ಕಾರಣ ಎಂದರು. ನೀವೂ ಲೈನರ್ ಹೊರಗೆ ತೆಗೆದಾಗ ಓ ರಿಂಗ್ ಬದಲಿಸಲು ಮರೆಯಬೇಡಿ.

ಮಸ್ಕತ್ ಫಿಟ್ಟರ್:
ಅದು ವೆಟ್ ಲೈನರ್ ಕಥೆ. ನಿಮ್ಮ ಟ್ರ್ಯಾಕ್ಟರಿನಲ್ಲಿ ನೀರು ಲೈನರಿನ ಬೆನ್ನಿಗೇ ತಾಗುತ್ತದೆ. ಪಿಸ್ಟನ್ ಪಕ್ಕಕ್ಕೆ ಬಡಿದಾಗ ಲೈನರ್ ತಂತಿಯಂತೆ ಕಂಪಿಸುತ್ತದೆ, ಬೆನ್ನಿನ ಹಿಂದೆ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಂದೊಂದು ಒಡೆತವೂ ಉಳಿಯ ಪೆಟ್ಟಿನಂತೆ. ಕೂಲಂಟಿನಲ್ಲಿ ಹಾಕುವ ಔಷಧ ಲೋಹದ ಮೇಲೆ ಪೊರೆ ಕಟ್ಟಿ ಇದನ್ನು ತಡೆಯುತ್ತದೆ, ಬರಿ ನೀರು ತಡೆಯುವುದಿಲ್ಲ. 697ರಲ್ಲಿ ಲೈನರಿನ ಬೆನ್ನಿಗೆ ಬ್ಲಾಕಿನ ಕಬ್ಬಿಣವೇ ಇದೆ, ನೀರು ಅದರಾಚೆ. ಓ ರಿಂಗ್ ಪ್ರಶ್ನೆಯೇ ಬರುವುದಿಲ್ಲ.

ಬೋರ್‌ವೆಲ್ ನೀರು:
ಸರಿ. ಆದರೂ ಬೋರ್‌ವೆಲ್ ನೀರು ಹಾಕಬೇಡಿ.

ನಿವೃತ್ತ ಡಿಪೋ:
ಮೂವತ್ತು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ವಿಭಾಗದಲ್ಲಿದ್ದೆ. ಇಲ್ಲಿಯವರೆಗೆ ಎಲ್ಲರೂ ಮದ್ದು ಹೇಳಿದಿರಿ, ರೋಗ ಏನೆಂದು ಯಾರೂ ಕೇಳಲಿಲ್ಲ. ದೂಳಾಗಿದ್ದರೆ ಆರೂ ಸವೆಯಬೇಕು. ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡಿದ್ದರೆ ಗೋಡೆಯ ಎಡ ಬಲದಲ್ಲಿ ಅಗಲವಾಗಿ ಉಜ್ಜಿದ ಗುರುತಿರಬೇಕು. ನಾಜಲ್ ಸೋರಿ ಡೀಸೆಲ್ ಸುರಿದಿದ್ದರೆ ಆಯಿಲ್ ಪೊರೆ ತೊಳೆದುಹೋಗಿ ಆ ಒಂದು ಬದಿಯಲ್ಲಿ ಹಾಳಾಗಿರಬೇಕು. ಒಂದೇ ಸಿಲಿಂಡರ್, ಎರಡೇ ಗೀರು, ಮೇಲಿನಿಂದ ಕೆಳಕ್ಕೆ ನೇರ. ತಮ್ಮ, ಆ ಗೀರುಗಳು ಗೋಡೆಯ ಯಾವ ಕಡೆ ಇವೆ? ಎಡ ಬಲವೋ, ಹಿಂದೆ ಮುಂದೆಯೋ?

ತಿಪಟೂರು ಲೋಡು:
ಈಗ ಬ್ಯಾಟರಿ ಹಿಡಿದುಕೊಂಡು ಹೋಗಿ ನೋಡಿ ಬಂದೆ ಸಾರ್. ಎರಡೂ ಮುಂದಿನ ಗೋಡೆಯಲ್ಲಿವೆ, ಅಂದರೆ ಎರಡನೇ ಸಿಲಿಂಡರಿನ ಕಡೆಗೆ. ಒಂದಕ್ಕೊಂದು ಬೆರಳಿನಷ್ಟು ದೂರ. ಎಡ ಬಲದ ಗೋಡೆ ಶುಭ್ರವಾಗಿದೆ.

ನಿವೃತ್ತ ಡಿಪೋ:
ಹಾಗಾದರೆ ಗಜನ್ ಪಿನ್ನಿನ, ಅಂದರೆ ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನಿನ, ಸರ್ಕ್ಲಿಪ್ (ಪಿನ್ ಜಾರದಂತೆ ಹಿಡಿಯುವ ತಂತಿಯ ಬಳೆ) ಕಿತ್ತು ಬಂದಿದೆ. ಪಿನ್ನಿನ ತುದಿಗಳು ನೋಡುವುದು ಹಿಂದೆ ಮುಂದಕ್ಕೆ. ಆ ನೇರಕ್ಕೆ ಗೋಡೆ ಗೀಚಲು ಬೇರೆ ಏನಿದೆ? ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಇಳಿಸಿ, ಸ್ಟ್ರೈನರಿನಲ್ಲಿ ತಂತಿಯ ತುಂಡು ಸಿಗುತ್ತದೆ.

ಆದರೆ ಸರ್ಕ್ಲಿಪ್ ತನ್ನಷ್ಟಕ್ಕೆ ಬರುವುದು ಕಡಿಮೆ. ಹಳೆಯ ಕ್ಲಿಪ್ಪನ್ನೇ ಮತ್ತೆ ಹಾಕಿದ್ದರೆ ಬರುತ್ತದೆ. ಇಲ್ಲವೇ ಕನೆಕ್ಟಿಂಗ್ ರಾಡ್ ಬಾಗಿದ್ದು, ಪ್ರತಿ ಸುತ್ತಿಗೂ ಪಿನ್ನನ್ನು ಒಂದು ಕಡೆಗೆ ತಳ್ಳುತ್ತಿದ್ದರೆ ಬರುತ್ತದೆ. ಒಂದು ಪರೀಕ್ಷೆ ಹೇಳುತ್ತೇನೆ, ಪಿಸ್ಟನ್ ತೆಗೆಯುವ ಮುಂಚೆ ಮಾಡಿ. ಈ ಎಂಜಿನ್ನಿನಲ್ಲಿ ಮೂರು ಮತ್ತು ನಾಲ್ಕು ಒಟ್ಟಿಗೇ ಮೇಲಕ್ಕೆ ಬರುತ್ತವೆ. ಕ್ರ್ಯಾಂಕ್ ತಿರುಗಿಸಿ ಎರಡನ್ನೂ ತುದಿಗೆ ತಂದು, ಬ್ಲಾಕಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಎರಡೂ ಪಿಸ್ಟನ್ನಿನ ತಲೆ ಎಷ್ಟು ಕೆಳಗಿದೆ ಅಳೆಯಿರಿ. ಬಾಗಿದ ರಾಡ್ ಗಿಡ್ಡವಾಗಿರುತ್ತದೆ.

ದುರ್ಗದ ಸ್ಟೇರಿಂಗ್:
ಹೆಡ್ ಬಿಚ್ಚಿದ ಎಂಜಿನ್ನನ್ನು ನೋಡದೆಯೇ ಜಾತಕ ಹೇಳುವುದು ಅತಿಯಾಯಿತು. ಕ್ಲಿಪ್ಪು ಸಿಗದಿದ್ದರೆ ಏನು ಮಾಡುತ್ತೀರಿ?

ನಿವೃತ್ತ ಡಿಪೋ:
ಸಿಗದಿದ್ದರೆ ನಾನು ತಪ್ಪು. ನನಗೇನೂ ಹೋಗುವುದಿಲ್ಲ, ಪಿಂಚಣಿ ಬರುತ್ತದೆ.

(ಮರುದಿನ)

ತಿಪಟೂರು ಲೋಡು:
ಸಾರ್, ಸಂಪ್ ಇಳಿಸಿದೆವು. ಕ್ಲಿಪ್ಪಿನ ತುಂಡು ಸ್ಟ್ರೈನರಿನ ಜಾಲರಿಗೆ ಅಂಟಿಕೊಂಡಿತ್ತು, ಒಂದು ಕಡೆ ಸವೆದು ಸೂಜಿಯಂತಾಗಿದೆ. ಇನ್ನೊಂದು ಸಣ್ಣ ಚೂರು ಆಯಿಲಿನ ಕೆಸರಿನಲ್ಲಿ ಅಯಸ್ಕಾಂತಕ್ಕೆ ಸಿಕ್ಕಿತು. ಪಿಸ್ಟನ್ ಅಳತೆಯೂ ಆಯಿತು: ಮೂರನೆಯದು ನಾಲ್ಕಕ್ಕಿಂತ 0.4 ಮಿ.ಮೀ. ಕೆಳಗೆ. ಮೇಸ್ತ್ರಿ ಎರಡು ಸಲ ಅಳೆದು, ಪಟ್ಟಿ ತಿರುಗಿಸಿ ಇನ್ನೊಮ್ಮೆ ಅಳೆದು, ಸುಮ್ಮನಾದರು.

ಆಗ ತಂದೆಯವರು ಬಾಯಿ ಬಿಟ್ಟರು. ಎರಡು ವರ್ಷದ ಹಿಂದೆ ಹೆಡ್ ಗ್ಯಾಸ್ಕೆಟ್ ಹೋಗಿತ್ತಂತೆ. ಒಂದು ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಎಂದು ನಿಂತಿತಂತೆ. ಬ್ಯಾಟರಿ ಇಳಿದಿದೆ ಎಂದುಕೊಂಡು ನಾಲ್ಕು ಜನರನ್ನು ಕರೆದು ಇಳಿಜಾರಿನಲ್ಲಿ ತಳ್ಳಿಸಿ ಸ್ಟಾರ್ಟ್ ಮಾಡಿದರಂತೆ. ಅವತ್ತಿನಿಂದ ತಣ್ಣಗಿದ್ದಾಗ ಸ್ವಲ್ಪ ಹೊತ್ತು ಅದುರುತ್ತಿತ್ತು, ಬಿಸಿಯಾದರೆ ಸರಿಹೋಗುತ್ತಿತ್ತು. ಇದನ್ನು ನನಗೂ ಹೇಳಿರಲಿಲ್ಲ.

ನಿವೃತ್ತ ಡಿಪೋ:
ಅಲ್ಲಿಗೆ ಆಯಿತು. ಹೋದ ಗ್ಯಾಸ್ಕೆಟ್ಟಿನ ಮೂಲಕ ರಾತ್ರಿ ಮೂರನೇ ಸಿಲಿಂಡರಿಗೆ ನೀರು ಇಳಿದಿತ್ತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಸೆಲ್ಫಿಗೆ ಶಕ್ತಿ ಸಾಲದೆ ನಿಂತಿತು, ಇಳಿಜಾರಿನಲ್ಲಿ ಇಡೀ ಲಾರಿಯ ತೂಕ ರಾಡಿನ ಮೇಲೆ ಬಿತ್ತು. ಯಜಮಾನರನ್ನು ಬೈಯಬೇಡಿ. ನಮ್ಮ ಡಿಪೋದಲ್ಲಿ ತರಬೇತಿ ಪಡೆದವರೂ ಇದನ್ನೇ ಮಾಡುತ್ತಿದ್ದರು.

ದುರ್ಗದ ಸ್ಟೇರಿಂಗ್:
ಸಾರ್, ನನ್ನ ಮಾತು ವಾಪಸು.

ಗ್ಯಾರೇಜ್ ಗಿರಾಕಿ:
ಹಾಗಾದರೆ ರಾಡನ್ನು ಪ್ರೆಸ್ಸಿನಲ್ಲಿ ಒತ್ತಿ ನೇರ ಮಾಡಿಸಿದರೆ ಖರ್ಚು ಉಳಿಯುತ್ತದೆ.

ಲೇತ್ ಮನೆಯ ಮಗಳು:
ಅಷ್ಟು ಗಿಡ್ಡವಾದ ರಾಡನ್ನು ನಾವು ಮುಟ್ಟುವುದಿಲ್ಲ. ನೇರ ಮಾಡಬಹುದು, ಒಂದು ಸಲ ಬಾಗಿದ ಜಾಗದ ನೆನಪು ಉಕ್ಕಿಗೆ ಹೋಗುವುದಿಲ್ಲ. ಓಡುವಾಗ ತುಂಡಾದರೆ ಬ್ಲಾಕಿನ ಪಕ್ಕೆಯಲ್ಲಿ ಕಿಟಕಿ ತೆರೆದು ಹೊರಬರುತ್ತದೆ. ಬೇರೆ ರಾಡ್ ಹಾಕಿ, ಉಳಿದ ಐದರ ತೂಕಕ್ಕೆ ಹೊಂದಿಸಿಕೊಳ್ಳಿ. ಉಳಿದವನ್ನೂ ಅಲೈನ್‌ಮೆಂಟ್ ನೋಡಿಸಿ.

ಲೈನರ್ ಅಳತೆ ಬಂತೇ?

ತಿಪಟೂರು ಲೋಡು:
ಬಂತು ಅಕ್ಕ. ಮೂವತ್ತಾರೂ ಬರೆಸಿಕೊಂಡು ಬಂದೆ. ಐದು ಸಿಲಿಂಡರುಗಳಲ್ಲಿ ಅತಿ ಹೆಚ್ಚು ಸವೆದ ಜಾಗದಲ್ಲಿ ಬೋರ್ 97.09 ಮಿ.ಮೀ. ಮೂರನೆಯದರಲ್ಲಿ ಗೀರು ಬಿಟ್ಟು ಅಳೆದರೂ ಹಿಂದೆ-ಮುಂದೆ 97.21. ಐದು ಕಂಪನಿಯ ಮಿತಿಯ ಒಳಗೇ ಇವೆ ಎಂದು ಲೇತಿನವರು ಕೈಪಿಡಿ ತೆಗೆದು ತೋರಿಸಿದರು. ಆದರೂ ಆರನ್ನೂ ಹಾಕಿಸಿ, ನಿಶ್ಚಿಂತೆ ಎನ್ನುತ್ತಾರೆ.

ಮಸ್ಕತ್ ಫಿಟ್ಟರ್:
ಲೇತಿನವರು ಹೇಳುವುದರಲ್ಲಿ ತಪ್ಪಿಲ್ಲ. ಎಂಜಿನ್ ಬಿಚ್ಚಿದ ಕೂಲಿ ಹೇಗೂ ಬಿದ್ದಿದೆ. ಇನ್ನೆರಡು ವರ್ಷಕ್ಕೆ ಮತ್ತೆ ಬಿಚ್ಚುವ ಬದಲು ಈಗಲೇ ಆರೂ.

ಲೇತ್ ಮನೆಯ ಮಗಳು:
ಲಾರಿ ಇನ್ನು ಎಷ್ಟು ವರ್ಷ ಓಡಬೇಕು ಎಂಬುದರ ಮೇಲಿದೆ. 1998ರ ಗಾಡಿ, ಎಫ್‌ಸಿ (ಫಿಟ್‌ನೆಸ್ ಪತ್ರ) ಮಾಡಿಸುವ ಖರ್ಚೇ ಈಗ ಕಮ್ಮಿಯಿಲ್ಲ. ನಾನಾದರೆ ಮೂರನೆಯದಕ್ಕೆ ಲೈನರ್, ಪಿಸ್ಟನ್, ಪಿನ್, ಹೊಸ ಸರ್ಕ್ಲಿಪ್. ಉಳಿದ ಐದಕ್ಕೆ ಮೆಟ್ಟಿಲು ತೆಗೆದು ಹೋನಿಂಗ್ (ಕಲ್ಲಿನಿಂದ ಗೋಡೆಗೆ ಸಣ್ಣ ಗೆರೆ ಎಳೆಯುವುದು), ಹೊಸ ರಿಂಗ್. ನನ್ನ ಅಂಗಡಿಗೆ ನಷ್ಟವಾಗುವ ಸಲಹೆ ಎಂದು ಅಪ್ಪ ಗೊಣಗುತ್ತಿದ್ದಾರೆ.

ಹಳೆಯ ಲೈನರ್ ತೆಗೆಯುವಾಗ ಉಳಿ ಹೊಡೆಯಲು ಬಿಡಬೇಡಿ, ಬ್ಲಾಕಿಗೆ ಏಟು ಬೀಳುತ್ತದೆ. ಎಳೆಯುವ ಸಾಧನ ಇಲ್ಲದಿದ್ದರೆ ಲೈನರಿನ ಒಳಗೋಡೆಯ ಉದ್ದಕ್ಕೂ ವೆಲ್ಡಿಂಗಿನ ಎರಡು ಗೆರೆ ಎಳೆಯುತ್ತಾರೆ. ಆರಿದಾಗ ಲೈನರ್ ಕುಗ್ಗುತ್ತದೆ, ಕೈಯಲ್ಲಿ ಎತ್ತಿದರೆ ಬರುತ್ತದೆ. ಆಮೇಲೆ ಬ್ಲಾಕಿನ ರಂಧ್ರವನ್ನು ಕನ್ನಡಿಯಂತೆ ಶುಚಿ ಮಾಡಿ ಅದನ್ನೂ ಅಳೆಯಬೇಕು. ಡ್ರೈ ಲೈನರಿನ ಗುಟ್ಟು ಅಲ್ಲೇ ಇದೆ. ಲೈನರಿನ ಬೆನ್ನು ಬ್ಲಾಕಿಗೆ ಪೂರ್ತಿ ಒತ್ತಿ ಕೂತರೆ ಮಾತ್ರ ಶಾಖ ನೀರಿಗೆ ದಾಟುತ್ತದೆ. ನಡುವೆ ಇದ್ದಿಲೋ ಗ್ರೀಸೋ ಉಳಿದರೆ ಆ ಜಾಗ ಕಾದು ಪಿಸ್ಟನ್ ಹಿಡಿಯುತ್ತದೆ. ಸೆಮಿ ಫಿನಿಶ್ ಲೈನರ್ ತಂದರೆ ಒತ್ತಿ ಕೂರಿಸಿದ ಮೇಲೆ ಬೋರಿಂಗ್ ಮತ್ತು ಹೋನಿಂಗ್, ಫಿನಿಶ್ ಆದದ್ದು ತಂದರೆ ಕೂರಿಸಿದ ಮೇಲೆ ಅಳತೆ ಮಾತ್ರ.

ಹೋನಿಂಗ್ ಗೆರೆಗಳು ಒಂದನ್ನೊಂದು ಕತ್ತರಿಸಿ ಚಾಪೆಯ ಹೆಣಿಗೆಯಂತೆ ಕಾಣಬೇಕು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ.

ಗ್ಯಾರೇಜ್ ಗಿರಾಕಿ:
ಹೋನಿಂಗ್ ಆದ ಮೇಲೆ ಡೀಸೆಲ್‌ನಲ್ಲಿ ಚೆನ್ನಾಗಿ ತೊಳೆದರೆ ಸಾಕು.

ಲೇತ್ ಮನೆಯ ಮಗಳು:
ಸಾಲದು. ಡೀಸೆಲ್ ಆಯಿಲನ್ನು ತೆಗೆಯುತ್ತದೆ, ಕಲ್ಲಿನ ಪುಡಿಯನ್ನು ಗೆರೆಯೊಳಗೇ ಬಿಡುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್. ಒಣಗಿಸಿದ ಕೂಡಲೇ ಆಯಿಲ್ ಹಚ್ಚಿ ಬಿಳಿ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ಸೋಪು. ಅಪ್ಪನ ಹಳೆಯ ಪಂಚೆಗಳೆಲ್ಲ ಹೀಗೇ ಮುಗಿದವು.

ನಿವೃತ್ತ ಡಿಪೋ:
ರಿಂಗ್ ಹಾಕುವ ಮುಂಚೆ ಪ್ರತಿಯೊಂದನ್ನೂ ಬೋರಿನೊಳಗೆ ಇಟ್ಟು, ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ಬಾಯಿಯ ಸಂದು ನೋಡಿ. ನಾವು ಬೋರಿನ ಒಂದು ಇಂಚಿಗೆ ನಾಲ್ಕು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಎಂದು ಲೆಕ್ಕ ಹಿಡಿಯುತ್ತಿದ್ದೆವು, ನಿಮ್ಮದಕ್ಕೆ ಹದಿನೈದು ಥೌ, ಅಂದರೆ 0.38 ಮಿ.ಮೀ. ಹತ್ತಿರ. ಕಿಟ್ಟಿನ ಚೀಟಿಯಲ್ಲಿ ಬೇರೆ ಬರೆದಿದ್ದರೆ ಚೀಟಿಯೇ ಸರಿ. ಮತ್ತೊಂದು ಮಾತು: ಲೈನರ್ ಕ್ರೋಮ್ ಆಗಿದ್ದರೆ ಕ್ರೋಮ್ ರಿಂಗ್ ಬೇಡ. ಎರಡೂ ಗಟ್ಟಿಯಾದರೆ ಒಂದನ್ನೊಂದು ಹರಿಯುತ್ತವೆ.

ಕೆಂಪುಮಣ್ಣು:
ಕೆಲಸ ಆದ ಮೇಲೆ ಎಂಟು ಗಂಟೆ ಐಡಲಿನಲ್ಲಿ ಬಿಡಿ. ನಮ್ಮ ಗುರುಗಳು ರಾತ್ರಿಯಿಡೀ ಬಿಡುತ್ತಿದ್ದರು.

ಮಸ್ಕತ್ ಫಿಟ್ಟರ್:
ಎಂಟು ಗಂಟೆ ಐಡಲ್ ಮಾಡಿದರೆ ಮಾಡಿಸಿದ ಹೋನಿಂಗ್ ನೀರಲ್ಲಿ ಹೋಮ. ರಿಂಗನ್ನು ಗೋಡೆಗೆ ಒತ್ತುವುದು ಉರಿಯ ಒತ್ತಡ. ಐಡಲಿನಲ್ಲಿ ಆ ಒತ್ತಡ ಇರುವುದಿಲ್ಲ, ರಿಂಗ್ ಗೋಡೆಯ ಮೇಲೆ ಜಾರಿ ಅದನ್ನು ಪಾಲಿಶ್ ಮಾಡುತ್ತದೆ. ಸೋರಿಕೆ ಇದೆಯೇ ನೋಡಲು, ಬಿಸಿಯಾಗಲು ಬೇಕಾದಷ್ಟು ಹೊತ್ತು ಸಾಕು. ಆಮೇಲೆ ಅರ್ಧ ಲೋಡು ಹಾಕಿ ಓಡಿಸಿ.

ಕೆಂಪುಮಣ್ಣು:
ನಮ್ಮ ಗುರುಗಳು ಕಟ್ಟಿದ ಎಂಜಿನ್‌ಗಳು ಹತ್ತು ವರ್ಷ ಓಡಿವೆ.

ಮಸ್ಕತ್ ಫಿಟ್ಟರ್:
ಐಡಲಿನಿಂದ ಓಡಲಿಲ್ಲ, ಐಡಲ್ ಮಾಡಿಯೂ ಓಡಿದವು.

ಕೆಂಪುಮಣ್ಣು:
ಗುರುಗಳು ಈಗ ಇಲ್ಲ, ಇದ್ದಿದ್ದರೆ ನಿಮಗೆ ಫೋನ್ ಮಾಡಿಸುತ್ತಿದ್ದೆ.

ಹಳೇ ಬಾನೆಟ್:
ಈ ಜಗಳ ನಾನು ಲಾರಿ ಹತ್ತಿದ ದಿನದಿಂದ ಕೇಳುತ್ತಿದ್ದೇನೆ. ಅಂದಹಾಗೆ ನಿಮ್ಮ ಲಾರಿಯ ಹಿಂದೆ ಏನು ಬರೆಸಿದ್ದೀರಿ?

ತಿಪಟೂರು ಲೋಡು:
"ತಾಯಿಯ ಆಶೀರ್ವಾದ". ತಂದೆಯವರೇ ಬರೆಸಿದ್ದು.

(ಹದಿನಾರು ದಿನಗಳ ನಂತರ)

ತಿಪಟೂರು ಲೋಡು:
ಕೆಲಸ ಮುಗಿಯಿತು. ಮೂರನೆಯದಕ್ಕೆ ಹೊಸ ಲೈನರ್, ಪಿಸ್ಟನ್, ಬೇರೆ ರಾಡ್. ಉಳಿದವಕ್ಕೆ ಹೋನಿಂಗ್ ಮತ್ತು ರಿಂಗ್. ಹೆಡ್ ಲೇತಿನಲ್ಲಿ ಸಮ ಮಾಡಿಸಿದೆವು, ಗ್ಯಾಸ್ಕೆಟ್ ಹೋಗಲು ಅದರ ಡೊಂಕೇ ಕಾರಣವಿತ್ತು. ವೆಲ್ಡಿಂಗ್ ಗೆರೆಯ ಉಪಾಯ ನಮ್ಮ ಮೇಸ್ತ್ರಿಗೆ ಮೊದಲೇ ಗೊತ್ತಿತ್ತಂತೆ. ಹಾಗಿದ್ದರೆ ಎಮರಿ ಮಾತೇಕೆ ಎಂದು ಕೇಳಿದೆ. ನಿಮ್ಮ ಹತ್ತಿರ ದುಡ್ಡಿಲ್ಲ ಎಂದುಕೊಂಡೆ ಎಂದರು.

ಐಡಲ್ ಇಪ್ಪತ್ತು ನಿಮಿಷ ಬಿಟ್ಟೆವು. ಆಮೇಲೆ ಅರ್ಧ ಲೋಡು ಕಾಯಿ ಹಾಕಿಕೊಂಡು ಅರಸೀಕೆರೆಗೆ ಹೋಗಿ ಬಂದೆವು. ಬ್ರೀದರಿಗೆ ಕೈ ಹಿಡಿದರೆ ಉಸಿರು ತಾಗುತ್ತದೆ, ಅಷ್ಟೇ. ಬೆಳಿಗ್ಗೆ ಅದುರುವುದೂ ನಿಂತಿದೆ. ತಂದೆಯವರು ಸೆಲ್ಫ್ ಹೊಡೆಯುವ ಮುಂಚೆ ಈಗ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ ನೋಡುತ್ತಾರೆ, ನಾನು ನೋಡುತ್ತಿಲ್ಲ ಎಂದುಕೊಂಡು.

ನಿವೃತ್ತ ಡಿಪೋ:
ಸಾವಿರ ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹೆಡ್ ಬೋಲ್ಟ್ ಮತ್ತೆ ಬಿಗಿ ಮಾಡಬೇಕೇ ಎಂದು ಗ್ಯಾಸ್ಕೆಟ್ ಚೀಟಿ ನೋಡಿ. ಆ ಸರ್ಕ್ಲಿಪ್ ತುಂಡನ್ನು ಮೇಸ್ತ್ರಿಗೆ ಕೊಡಿ.

ತಿಪಟೂರು ಲೋಡು:
ಅವರೇ ಕೇಳಿ ಇಟ್ಟುಕೊಂಡರು ಸಾರ್.

ಹೊಸ ಸದಸ್ಯ 407:
ಎಲ್ಲರಿಗೂ ನಮಸ್ಕಾರ, ಹೊಸದಾಗಿ ಸೇರಿದ್ದೇನೆ. ನನ್ನ 407ರ ಎರಡನೇ ಸಿಲಿಂಡರಿನಲ್ಲೂ ಗೀರು ಇದೆ. ಎಮರಿ ಹೊಡೆದು ರಿಂಗ್ ಹಾಕಿದರೆ ನಡೆಯುತ್ತದೆಯೇ?

ದುರ್ಗದ ಸ್ಟೇರಿಂಗ್:
ಗೀರು ಯಾವ ಕಡೆ ಇದೆ? ಎಡ ಬಲವೋ, ಹಿಂದೆ ಮುಂದೆಯೋ?